ಭಾನುವಾರದ ಆ್ಯಪ್ ತರಗತಿಗೆ ಮೊದಲೇ ಆಗಬೇಕಾದ ಸಿದ್ಧತೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಮೊಬೈಲ್ ಆ್ಯಪ್ ತಯಾರಿಕೆಯ ಮೂಲಪಾಠಗಳ ಮೊದಲ ತರಗತಿ ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ನಡೆಯಲಿದ್ದು, ಹೆಸರು ಕೊಟ್ಟಿರುವವರೆಲ್ಲ ಲ್ಯಾಪ್‌ಟಾಪ್, ಆಂಡ್ರಾಯ್ಡ್ ಫೋನ್ ಮತ್ತು ಡೇಟಾ ಕೇಬಲ್ ತರಬೇಕೆಂದು ಕೋರುತ್ತೇನೆ. ಚಾರ್ಜ್ ಮಾಡಲಷ್ಟೇ ಬರುವ ಕೇಬಲ್ ಇಲ್ಲಿ ಉಪಯೋಗಕ್ಕೆ ಬಾರದು.

ಆ್ಯಪ್ ಬರೆಯಲು ಬಳಸುವ ಆಂಡ್ರಾಯ್ಡ್ ಸ್ಟುಡಿಯೋ ತಂತ್ರಾಂಶವನ್ನು ಶನಿವಾರದೊಳಗೆ ಮನೆಯಲ್ಲೇ ಇನ್‌ಸ್ಟಾಲ್ ಮಾಡಿ, ಒಂದು ಖಾಲಿ ಪ್ರಾಜೆಕ್ಟ್ ತೆರೆದು ನೋಡಿ. ಮೊದಲ ಸಲ ಅದರಲ್ಲಿನ ಗ್ರೇಡಲ್ (ಕೋಡನ್ನು ಆ್ಯಪ್ ಆಗಿ ಜೋಡಿಸುವ ಸಾಧನ) ಹಲವು ಫೈಲ್‌ಗಳನ್ನು ಇಳಿಸಿಕೊಳ್ಳುವುದರಿಂದ, ಎಲ್ಲರೂ ಒಂದೇ ವೈಫೈನಲ್ಲಿ ಆ ಕೆಲಸಕ್ಕೆ ಕುಳಿತರೆ ಬೆಳಗಿನ ಹೊತ್ತೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಇರುವವರು ಎಮ್ಯುಲೇಟರ್ (ಲ್ಯಾಪ್‌ಟಾಪ್ ಪರದೆಯಲ್ಲೇ ಓಡುವ ಅಣಕು ಫೋನ್) ಬದಲು ಫೋನನ್ನೇ ಬಳಸುವುದು ಒಳ್ಳೆಯದು. ಅದಕ್ಕಾಗಿ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಬಿಲ್ಡ್ ನಂಬರ್’ ಮೇಲೆ 7 ಸಲ ಒತ್ತಿ, ಆಗ ತೆರೆದುಕೊಳ್ಳುವ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗಿಂಗ್ (ಕೇಬಲ್ ಮೂಲಕ ಲ್ಯಾಪ್‌ಟಾಪ್‌ನಿಂದ ಫೋನಿಗೆ ಆ್ಯಪ್ ಹಾಕಿ ಪರೀಕ್ಷಿಸಲು ಬಿಡುವ ಆಯ್ಕೆ) ಆನ್ ಮಾಡಿಕೊಳ್ಳಿ.

ಪಾಠ ಕಾಟ್ಲಿನ್ ಭಾಷೆಯಲ್ಲಿರುತ್ತದೆ; 2019ರಲ್ಲಿ ಗೂಗಲ್ ಆಂಡ್ರಾಯ್ಡ್‌ಗೆ ಇದನ್ನೇ ಮೊದಲ ಆಯ್ಕೆಯೆಂದು ಘೋಷಿಸಿತು. ಜಾವಾ ಬಲ್ಲವರಿಗೆ ಕಷ್ಟವಾಗದು. ಮೊದಲ ದಿನ ಬಟನ್ ಒತ್ತಿದಂತೆಲ್ಲ ಎಣಿಕೆ ಏರುವ ಪುಟ್ಟ ಆ್ಯಪ್ ಒಂದನ್ನು ಮಾಡೋಣ. ಎಣಿಕೆ 12ಕ್ಕೆ ಬಂದಾಗ ಫೋನನ್ನು ಅಡ್ಡ ತಿರುಗಿಸಿದರೆ ಅದು ಮತ್ತೆ ಸೊನ್ನೆಯಾಗುತ್ತದೆ, ಏಕೆಂದರೆ ಪರದೆ ತಿರುಗಿದಾಗ ಆಂಡ್ರಾಯ್ಡ್ ಹಳೆಯ ಆ್ಯಕ್ಟಿವಿಟಿಯನ್ನು (ಅಂದರೆ ಆ್ಯಪ್‌ನ ಒಂದು ಪುಟವನ್ನು) ಅಳಿಸಿ ಹೊಸದನ್ನು ಕಟ್ಟುತ್ತದೆ. ಆ್ಯಕ್ಟಿವಿಟಿ ಹುಟ್ಟಿ ಅಳಿಯುವ ಈ ಜೀವನಚಕ್ರ ಅರ್ಥವಾಗದೆ ಮುಂದೆ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯವಾದ್ದರಿಂದ ಅದಕ್ಕೇ ಹೆಚ್ಚು ಸಮಯ ಕೊಡಲಾಗುವುದು.

ಬರುವವರು ತಮ್ಮ ಲ್ಯಾಪ್‌ಟಾಪ್‌ನ ರ್‍ಯಾಮ್ ಎಷ್ಟೆಂಬುದನ್ನೂ ಸೇರಿಸಿ ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಉತ್ತರಿಸಬೇಕಾಗಿ ವಿನಂತಿ. ಇನ್‌ಸ್ಟಾಲ್ ಮಾಡುವಾಗ ತೊಡಕು ಬಂದರೆ ಪರದೆಯ ಸ್ಕ್ರೀನ್‌ಶಾಟ್ ಹಾಕಿ, ಸಂಕೋಚ ಬೇಡ.