ಲಾಗಿನ್ ಆಗದಿದ್ದರೆ ಮೊದಲು ಗಡಿಯಾರ ನೋಡಿ

ಸಂಪಾದಕರೇ,

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ 19 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಪುಣೆಯವರು ನಮ್ಮ ಕಂಪನಿ ಕೊಂಡ ಮೇಲೆ ಅವರ ಸಾಫ್ಟ್‌ವೇರ್‌ನಲ್ಲೇ ಎಂಟ್ರಿ. ನಮ್ಮ ಡೊಮೈನ್ (ಲಾಗಿನ್‌ಗಳನ್ನು ಒಂದೇ ಕಡೆ ನೋಡಿಕೊಳ್ಳುವ ಕಂಪ್ಯೂಟರ್‌ಗಳ ಗುಂಪು) ಬೇರೆ, ಅವರದು ಬೇರೆ. ನಡುವೆ ‘ಟ್ರಸ್ಟ್’, ಅಂದರೆ ನಮ್ಮ ಲಾಗಿನ್ ಅವರು ನಂಬುವ ಏರ್ಪಾಡು, ಹಾಕಿದ್ದಾರೆ. ಬೆಳಿಗ್ಗೆ ಇಲ್ಲಿ ಒಂದು ಸಲ ಲಾಗಿನ್ ಆದರೆ ಸಾಕು, ಪುಣೆಯ ಸರ್ವರ್ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ನಮ್ಮ ಸರ್ವರ್ ಕೊಟ್ಟ ಚೀಟಿ ನೋಡಿ ಒಳಗೆ ಬಿಡುತ್ತದೆ.

ಮಾರ್ಚ್ ಕೊನೆಯ ವಾರ ಬಿಡಲಿಲ್ಲ. ‘ನಂಬಿಕೆ ಇಲ್ಲದ ಡೊಮೈನಿನಿಂದ ಬಂದ ಲಾಗಿನ್’ ಎಂದು ಇಂಗ್ಲಿಷಿನಲ್ಲಿ ತೋರಿಸಿತು. 19 ವರ್ಷ ದುಡಿದವಳಿಗೆ ಈ ಮಾತು! ಮೇಜಿನ ಮೇಲೆ ಬಿಲ್ಲುಗಳ ರಾಶಿ. ಪುಣೆಯವರು ಫೋನಿನಲ್ಲೇ ಒಂದು ಕಾಮನ್ ಐಡಿ ಹೇಳಿ, ‘ಸದ್ಯಕ್ಕೆ ಇದರಲ್ಲೇ ನಡೆಸಿ’ ಅಂದರು. ಅದರ ಪಾಸ್‌ವರ್ಡ್ ಬರೆದ ಕಾಗದ ಪ್ರಿಂಟರ್ ಮೇಲೆ ಅಂಟಿತು. ಸ್ಟೋರ್‌ನವರು, ಡಿಸ್ಪ್ಯಾಚ್‌ನವರು, ನಾನು, ಒಟ್ಟು ನಾಲ್ಕು ಜನ ಅದರಲ್ಲೇ ಕೂತೆವು.

ಹತ್ತು ದಿನ ಕಳೆದ ಮೇಲೆ ಪಿಗ್ ಐರನ್‌ನ ಒಂದು ಬಿಲ್ ಎರಡು ಸಲ ಎಂಟ್ರಿ ಆಗಿದ್ದು ಕಂಡಿತು. ಮಾಡಿದ್ದು ಯಾರು? ಎರಡೂ ಕಡೆ ಅದೇ ಐಡಿ. ಬೈಗುಳ ಮಾತ್ರ ನನಗೆ, ಅಕೌಂಟ್ಸ್ ಅಲ್ವಾ.

ಕಾರಣ ಹಿಡಿದಿದ್ದು ಕಂಪ್ಯೂಟರ್ ರಿಪೇರಿಗೆ ಬರುವ ಹುಡುಗ. ನನ್ನ ಸ್ಕ್ರೀನಿನ ಮೂಲೆಯಲ್ಲಿ 11.04, ಅವನ ಮೊಬೈಲಿನಲ್ಲಿ 11.11. ನಮ್ಮ ಸರ್ವರೇ 7 ನಿಮಿಷ ಹಿಂದೆ. ಇಲ್ಲಿನ ಕಂಪ್ಯೂಟರ್‌ಗಳೆಲ್ಲ ಅದರ ಟೈಮನ್ನೇ ಹಿಡಿಯುವುದರಿಂದ ನಮ್ಮೊಳಗೆ ಯಾರಿಗೂ ತೊಂದರೆ ಗೊತ್ತಾಗಲಿಲ್ಲ. ಈ ಚೀಟಿ ಪದ್ಧತಿಗೆ ಕರ್ಬರೋಸ್ ಅನ್ನುತ್ತಾರೆ. ಹಳೆ ಚೀಟಿ ಕದ್ದು ಯಾರೂ ಮತ್ತೆ ತೋರಿಸಬಾರದು ಅಂತ ಅದು ಟೈಮ್ ನೋಡುತ್ತದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಎರಡು ಕಡೆಯ ಗಡಿಯಾರಗಳ ನಡುವೆ 5 ನಿಮಿಷದವರೆಗಿನ ವ್ಯತ್ಯಾಸಕ್ಕೆ ಮಾಫಿ, ಅದಕ್ಕಿಂತ ಜಾಸ್ತಿಯಾದರೆ ಇಲ್ಲ. ಹುಡುಗ ಟೈಮ್ ಸರಿ ಮಾಡಿದ. ಚಹಾ ಬರುವಷ್ಟರಲ್ಲಿ ನಾನು ನನ್ನ ಹೆಸರಿನಲ್ಲೇ ಒಳಗಿದ್ದೆ.

ಸರ್ವರ್ ಗಡಿಯಾರವನ್ನು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಅಥವಾ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಸಮಯಕ್ಕೆ ಹೊಂದಿಸಿಡಿ ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಹೇಳಿದೆ. ಸಣ್ಣ ಕಾರ್ಖಾನೆಗಳಲ್ಲಿ ಇದನ್ನು ನೋಡುವವರು ಯಾರು? ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ತಾರೀಖಿನ ಸಮೇತ ದಾಖಲಾಗಬೇಕು (ಇದೇ ‘ಆಡಿಟ್ ಟ್ರೇಲ್’) ಎಂಬ ಕಂಪನಿ ಕಾಯ್ದೆಯ ನಿಯಮವೂ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮಲ್ಲೂ ತಾರೀಖು ಸರಿಯಾಗಿಯೇ ದಾಖಲಾಗಿತ್ತು. ಆದರೆ ನಾಲ್ಕು ಜನಕ್ಕೆ ಒಂದೇ ಐಡಿ ಇದ್ದರೆ ಆ ದಾಖಲೆ ಇಟ್ಟುಕೊಂಡು ಯಾರನ್ನು ಕೇಳುತ್ತೀರಿ? ಆಡಿಟರ್‌ಗಳು ಸುಮ್ನೆ ‘ಆಡಿಟ್ ಟ್ರೇಲ್ ಇದೆ’ ಎಂದು ಬರೆದು ಹೋಗದೆ ಕಾಮನ್ ಐಡಿಗಳ ಪಟ್ಟಿ ಕೇಳಲಿ.

ಆ ನಾಲ್ವರಲ್ಲಿ ಒಬ್ಬರು ಮೇ ತಿಂಗಳಲ್ಲಿ ಕೆಲಸ ಬಿಟ್ಟರು. ಅವರ ಸ್ವಂತ ಲಾಗಿನ್ ಇಲ್ಲಿ ಅದೇ ಸಂಜೆ ಬಂದ್ ಆಯಿತು, ಅದರ ಜೊತೆ ಆ ಹೆಸರಿಗೆ ಪುಣೆಯ ಬಾಗಿಲೂ ಮುಚ್ಚಿತು. ಕಾಮನ್ ಐಡಿ ಮಾತ್ರ ಇವತ್ತಿಗೂ ಚಾಲ್ತಿಯಲ್ಲಿದೆ. ಪಾಸ್‌ವರ್ಡ್ ಕೂಡ ಅದೇ.

– ಅಕೌಂಟ್ಸ್ ಸಹಾಯಕಿ, ಉದ್ಯಮಬಾಗ, ಬೆಳಗಾವಿ