ಬ್ಯಾಟರಿ ತರೋ ಮುಂಚೆ ಬಾನೆಟ್ ತೆಗೆ

ವಿಜಯಪುರ

ಚಿರಂಜೀವಿ ತಮ್ಮನಿಗೆ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಅರ್ಧ ಕೇಳಿಸಲಿಲ್ಲ. ಬೆಳಗಾವಿಯ ಮಳೆ ಸದ್ದೇ ಜಾಸ್ತಿ ಇತ್ತು. ಅಜ್ಜನ ಪದ್ಮಿನಿ ಕಾರು ಸ್ಟಾರ್ಟ್ ಆಗ್ತಿಲ್ಲ, ಹೊಸ ಬ್ಯಾಟರಿ, ಕಿಡಿಗೆ ಕರೆಂಟ್ ಏರಿಸೋ ಹೊಸ ಕಾಯಿಲ್ ತರ್ತೀನಿ ಅಂದದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಅದಕ್ಕೇ ಈ ಪತ್ರ. ಏನೂ ತರಬೇಡ.

ಸೆಲ್ಫ್ ಹೊಡೆದಾಗ ಬರೀ 'ಟಕ್' ಅಂದು ಸುಮ್ಮನಾದರೆ ಬ್ಯಾಟರಿ ಕಡೆ ನೋಡಬೇಕು. ಆಗಲೂ ಅಂಗಡಿಗೆ ಓಡಬಾರದು. ಟರ್ಮಿನಲ್ ಮೇಲಿನ ಬಿಳಿ ಪುಡಿ ತೊಳೆದು, ಗಾಡಿಯ ಮೈಗೆ ಬಿಗಿದ ಅರ್ಥ್ ವೈರ್ ಬಿಚ್ಚಿ, ತುಕ್ಕು ಕೆರೆದು ಮತ್ತೆ ಬಿಗಿಯಬೇಕು. ನಾನೊಮ್ಮೆ ಗ್ಯಾರೇಜಿನವನ ಮಾತು ಕೇಳಿ ಬ್ಯಾಟರಿ ಬದಲಿಸಿದೆ, ಸೆಲ್ಫ್ ಮೋಟರನ್ನೂ ರಿಪೇರಿ ಮಾಡಿಸಿದೆ. ಕೊನೆಗೆ ನೋಡಿದರೆ ತಪ್ಪು ಆ ಅರ್ಥ್ ವೈರಿನದು. ನಿಮ್ಮ ಕಾಕು ಇವತ್ತಿಗೂ ಆಡಿಕೊಳ್ಳುತ್ತಾಳೆ.

ನಿನ್ನದು ಗರಗರ ತಿರುಗುತ್ತೆ, ಆದರೆ ಹೊತ್ತಿಕೊಳ್ಳಲ್ಲ ಅಂದೆ ಅಲ್ವಾ? ಹಾಗಿದ್ದರೆ ಬ್ಯಾಟರಿ ತಪ್ಪಿಲ್ಲ. ಒಂದೋ ಕಿಡಿ ಇಲ್ಲ, ಇಲ್ಲಾಂದ್ರೆ ಪೆಟ್ರೋಲ್ ಸರಿಯಾಗಿ ಬರ್ತಿಲ್ಲ. ಕಿಡಿ ಹಾರಿಸೋ ಒಂದು ಪ್ಲಗ್ ಬಿಚ್ಚಿ ನೋಡು. ತೊಯ್ದು ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಬಂದಿದೆ, ನೀನೇ ಚೋಕ್ ಎಳೆದೆಳೆದು ಜಾಸ್ತಿ ಕುಡಿಸಿರಬಹುದು. ಪ್ಲಗ್ ಒರೆಸಿ ಹಾಕು, ಚೋಕ್ ಒಳಗೆ ತಳ್ಳು, ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆ. ಸುಮ್ನೆ ತುಳಿದು ತುಳಿದು ಬಿಡಬೇಡ.

ಅದಕ್ಕೂ ಏಳದಿದ್ದರೆ ನನ್ನ ಗುಮಾನಿ ನಾಲ್ಕು ಪ್ಲಗ್‌ಗೂ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಮೇಲೆ. ಇಲ್ಲಿ ನಮ್ಮ ಒಣ ಬಿಸಿಲಲ್ಲಿ ಅದು ಕಾಡಿದ್ದು ಕಡಿಮೆ. ನಿಮ್ಮ ಊರಿನ ಮಳೆಗಾಲದಲ್ಲಿ ಕ್ಯಾಪಿನ ಒಳಗೆ ಥಂಡಿ ಕೂತು, ಕಿಡಿ ಪ್ಲಗ್ ತಲುಪುವ ಮೊದಲೇ ದಾರಿ ತಪ್ಪುತ್ತೆ. ಕ್ಯಾಪ್ ತೆಗೆದು ಒಣ ಬಟ್ಟೆಯಿಂದ ಒರೆಸು. ಕೂದಲೆಳೆಯಂಥ ಬಿರುಕು ಇದೆಯಾ ನೋಡು. ನಾಲ್ಕೂ ವೈರ್ ಒಟ್ಟಿಗೆ ಕೀಳಬೇಡ ಮಾರಾಯ. ಅವು 1, 3, 4, 2 ಹೀಗೆ ಸಿಲಿಂಡರ್ ನಂಬರಿನ ಸಾಲಲ್ಲೇ ಹೋಗಬೇಕು. ಅದಲುಬದಲಾದರೆ ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರಿನಲ್ಲೇ ಪಟಾಕಿ ಹೊಡೆದಂತಾಗುತ್ತೆ.

ಕ್ಯಾಪಿನ ಕೆಳಗೆ ಪಾಯಿಂಟ್ ಇದೆ, ಕಾಯಿಲಿನ ಕರೆಂಟ್ ಕೂಡಿಸಿ ಬಿಡಿಸೋ ಸಣ್ಣ ಸ್ವಿಚ್ ಅದು. ಅದರ ಬಾಯಿ ಕಪ್ಪಾಗಿದ್ದರೆ ನುಣುಪು ಪಾಲಿಶ್ ಪೇಪರಿನಿಂದ ಒಂದೆರಡು ಸಲ ಉಜ್ಜು ಸಾಕು. ಪೂರ್ತಿ ತೆರೆದಾಗ ನಡುವೆ ಸುಮಾರು 0.4 ಮಿಲಿಮೀಟರ್ ಸಂದು ಇರಬೇಕು. ಗೇಜ್ ಇಲ್ಲದಾಗ ನಿಮ್ಮಜ್ಜ ಲಗ್ನಪತ್ರಿಕೆಯ ತುಂಡು ತೂರಿಸುತ್ತಿದ್ದರು. ಚಾವಿ ಆನ್ ಇಟ್ಟು ಚಹಾ ಕುಡಿಯೋಕೆ ಮಾತ್ರ ಹೋಗಬೇಡ, ಕಾಯಿಲ್ ಕಾದು ಸುಟ್ಟುಹೋಗುತ್ತೆ. ಆಮೇಲೆ ನಿಜವಾಗಲೂ ಹೊಸದು ತರಬೇಕಾಗುತ್ತೆ.

ಪ್ಲಗ್ ಒಣಗಿದ್ದರೆ ಮಾತ್ರ ಪೆಟ್ರೋಲ್ ಕಡೆ ಹೋಗು. ಕಾಯಿಲಿನ ಸಣ್ಣ ವೈರ್ ಬಿಚ್ಚಿಟ್ಟು, ಕಾರ್ಬೊರೇಟರಿಗೆ ಬರುವ ಪೈಪ್ ಕಳಚಿ ಬಾಟಲಿಗೆ ಹಿಡಿ. ಯಾರಾದರೂ ಸೆಲ್ಫ್ ಹೊಡೆಯಲಿ. ಪಂಪ್ ಚೆನ್ನಾಗಿದ್ದರೆ ಚಿಳ್ ಚಿಳ್ ಅಂತ ಚಿಮ್ಮುತ್ತೆ. ಹತ್ತಿರ ಬೀಡಿ ಸೇದುವವರನ್ನು ನಿಲ್ಲಿಸಿಕೊಳ್ಳಬೇಡ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಎಥೆನಾಲ್. ನಮ್ಮ ಭಾಗದ ಕಬ್ಬಿನಿಂದಲೂ ಆಗುತ್ತೆ, ರೈತನಿಗೆ ಒಳ್ಳೇದೇ. ಆದರೆ ಅಷ್ಟು ಹಳೇ ಗಾಡಿಯ ರಬ್ಬರ್ ಪೈಪಿಗೆ ಅದು ಆಗಿಬರಲ್ಲ. ಪೈಪ್ ಮೆತ್ತಗಾಗುತ್ತೆ, ಟ್ಯಾಂಕಿನ ಹಳೇ ಕೊಳೆ ಎದ್ದು ಫಿಲ್ಟರ್ ಕಟ್ಟುತ್ತೆ. ಎರಡನ್ನೂ ಬದಲಿಸು. ಇದಕ್ಕೆ ದುಡ್ಡು ಹಾಕಿದರೆ ನಾನು ಬೈಯಲ್ಲ.

ಬೇಸಿಗೆಯಲ್ಲಿ ಇಲ್ಲಿಗೆ ತಂದರೆ ಇನ್ನೊಂದು ಆಟ ಶುರುವಾಗುತ್ತೆ. ಒಮ್ಮೆ ಬಾಗಲಕೋಟೆಯಿಂದ ಬರುವಾಗ ಕೊಲ್ಹಾರದಲ್ಲಿ ಗಾಡಿ ನಿಂತಿತು. ಬಿಸಿಲಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿತ್ತು. ಪಂಪಿನ ಮೇಲೆ ಒದ್ದೆ ಟವೆಲ್ ಹಾಕಿ, ಗಡಿಗೆ ಮೊಸರು ತಿನ್ನುತ್ತಾ ಕೂತೆವು. ಅರ್ಧ ಗಂಟೆಗೆ ತಾನೇ ಎದ್ದಿತು. ಆ ಊರಿನ ಮೊಸರು ಅಂದರೆ ಕೇಳಬೇಕಾ, ಗಾಡಿ ಇನ್ನೂ ಸ್ವಲ್ಪ ತಡ ಮಾಡಿದ್ದರೂ ಬೇಜಾರಿರಲಿಲ್ಲ.

ಒಂದು ಸಲಕ್ಕೆ ಒಂದೇ ಕೆಲಸ ಮಾಡು, ಮಾಡಿದ ಮೇಲೆ ಸೆಲ್ಫ್ ಹೊಡೆದು ನೋಡು. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ. ಗಾಡಿ ಎದ್ದರೆ ನನಗೆ ಫೋನ್ ಹಚ್ಚು. ಮಾತು ಬೇಡ, ಫೋನನ್ನು ಬಾನೆಟ್ ಹತ್ತಿರ ಹಿಡಿ. ವಾಲ್ವ್ ತಳ್ಳೋ ಟ್ಯಾಪೆಟ್ ಸಡಿಲಾಗಿದ್ದರೆ ಸದ್ದು ಕೇಳಿ ಇಲ್ಲಿಂದಲೇ ಹೇಳ್ತೀನಿ.

ಇಂತಿ,
ನಿನ್ನ ಕಾಕಾ