ಬೆಕ್ಕಿನ ಲ್ಯಾಬಿನಲ್ಲಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ನಿನ್ನ ವಾಯ್ಸ್ ಮೆಸೇಜು ಕೇಳಿ, ಕಾರೊಳಗೆ ಕೂತು ಒಬ್ಬನೇ ನಕ್ಕೆ. ನಮ್ಮೂರ ಡಿಸೆಕ್ಷನ್ ಹಾಲಿನಲ್ಲಿ ಹೆಣದ ಕಂಕುಳಲ್ಲಿ ತಲೆ ಹುದುಗಿಸಿ ನರ ಬಿಡಿಸುತ್ತಿದ್ದವನ ಕೈಗೆ ಅಮೆರಿಕದ ಓಹಾಯೋದ ಎರಡು ವರ್ಷದ ಕಮ್ಯುನಿಟಿ ಕಾಲೇಜಿನವರು ಕೊಯ್ದು ಪಾಠ ಮಾಡಲಿಕ್ಕೆ ಚೀಲದಲ್ಲಿ ತುಂಬಿದ ಸತ್ತ ಬೆಕ್ಕು ಕೊಟ್ಟರೇ! ಬೇಜಾರಾಗಬೇಡ ಮಾರಾಯ. ಮೊದಲ ಸೆಮಿಸ್ಟರಿನಲ್ಲಿ ನಾನು ಬೆಕ್ಕಿನ ಕೊರಳೆಲುಬು ಹುಡುಕುತ್ತಾ ವಿದ್ಯಾರ್ಥಿಗಳ ಮುಂದೆ ಬೆವತವನು. ಅದು ಕಡ್ಡಿಯಷ್ಟು ಸಣ್ಣದು, ಬೇರೆ ಎಲುಬಿಗೆ ಅಂಟಿಕೊಳ್ಳದೆ ಸ್ನಾಯುವಿನೊಳಗೇ ಹುದುಗಿರುತ್ತದೆ ಅಂತ ನನಗೆ ಯಾರು ಹೇಳಿದ್ದರು? ನಮಗಿರುವ ಒಂದು ಟ್ರೆಪೀಜಿಯಸ್ (ಕತ್ತು, ಬೆನ್ನು, ಭುಜದ ಸ್ನಾಯು) ಜಾಗದಲ್ಲಿ ಬೆಕ್ಕಿಗೆ ಮೂರು ಇರುವುದನ್ನಂತೂ ವಿದ್ಯಾರ್ಥಿನಿಯೊಬ್ಬಳೇ ತೋರಿಸಿಕೊಟ್ಟಳು.

ಈಗ ನೀನು ಕೇಳಿದ ವಿಷಯ. ಹ್ಯಾಪ್ಸ್, ಅಂದರೆ ಹ್ಯೂಮನ್ ಅನಾಟಮಿ ಅಂಡ್ ಫಿಸಿಯಾಲಜಿ ಸೊಸೈಟಿ ಎಂಬ, ದೇಹದ ರಚನೆ ಮತ್ತು ಕೆಲಸ ಕಲಿಸುವ ಮೇಷ್ಟ್ರುಗಳ ಸಂಘ, ಸೇರಬೇಕೋ ಬೇಡವೋ ಅಂತ. ಅಡ್ಜಂಕ್ಟ್, ಅಂದರೆ ಕಾಯಂ ಅಲ್ಲದ ಮೇಷ್ಟ್ರ, ಸಂಬಳದಲ್ಲಿ ವರ್ಷವರ್ಷ ಶುಲ್ಕ ಕಟ್ಟಿ ಏನು ಸಿಗುತ್ತದೆ ಅಂತ ನೀನು ಲೆಕ್ಕ ಹಾಕುವುದು ತಪ್ಪಲ್ಲ. ಕೆಲಸ ಕಾಯಂ ಆಗುತ್ತದೆ ಅಂತ ಆಸೆಯಿದ್ದರೆ ಸೇರಬೇಡ, ಅದು ಸಂಘದ ಕೈಯಲ್ಲಿಲ್ಲ. ನನಗೆ ಅಲ್ಲಿ ಸಿಕ್ಕಿದ್ದು ನನ್ನ ತಪ್ಪು ಹಿಡಿಯುವ ಜನ.

ನಮ್ಮ ಕೆಲಸ ಎಂಥದ್ದು ನೋಡು. ಸಂಜೆ ಆರಕ್ಕೆ ಹೋಗಿ ಪಾಠ ಮಾಡಿ, ಲ್ಯಾಬ್ ಮುಗಿಸಿ, ಒಂಬತ್ತಕ್ಕೆ ದೀಪ ಆರಿಸಿ ಬರುವುದು. ಊರಿನಲ್ಲಾದರೆ ಡಿಪಾರ್ಟ್‌ಮೆಂಟಿನಲ್ಲಿ ಹೆಚ್‌ಓಡಿ ಬೈಯಲಿಕ್ಕಾದರೂ ಇರುತ್ತಿದ್ದರು. ಇಲ್ಲಿ ನಾನು ಬೋರ್ಡಿನ ಮೇಲೆ ಏನು ಬರೆದರೂ ಅದೇ ಸತ್ಯ. ಹಾಗೇ ನಾನು ನಾಲ್ಕು ವರ್ಷ ನಾಲಿಗೆಯ ಚಿತ್ರ ಬರೆದೆ: ತುದಿಯಲ್ಲಿ ಸಿಹಿ, ಹಿಂದೆ ಕಹಿ, ಪಕ್ಕದಲ್ಲಿ ಹುಳಿ, ಉಪ್ಪು. ನಮಗೂ ಶಾಲೆಯಲ್ಲಿ ಹಾಗೇ ಹೇಳಿಕೊಟ್ಟಿದ್ದರಲ್ಲ.

ಹ್ಯಾಪ್ಸ್‌ನ ನನ್ನ ಮೊದಲ ಸಮ್ಮೇಳನದಲ್ಲಿ ಊಟದ ಮೇಜಿನ ಮೇಲೆ ಇದನ್ನು ಜಂಬದಿಂದ ಹೇಳಿಕೊಂಡೆ. ಎದುರು ಕೂತಿದ್ದ ಹಿರಿಯ ಮೇಷ್ಟ್ರಮ್ಮ ಉಪ್ಪಿನ ಡಬ್ಬಿಯನ್ನು ನನ್ನ ಕಡೆ ತಳ್ಳಿ, ತುದಿಗೆ ಒಂದು ಹರಳು ಇಟ್ಟುಕೊಂಡು ನೋಡಿ ಅಂದರು. ಇಟ್ಟುಕೊಂಡೆ. ಉಪ್ಪು ಉಪ್ಪಾಗಿಯೇ ಇತ್ತು! ಆಮೇಲೆ ಕಥೆ ಹೇಳಿದರು. 1901ರಲ್ಲಿ ಹೇನಿಗ್ ಎಂಬ ಜರ್ಮನ್ ವಿಜ್ಞಾನಿ ನಾಲಿಗೆಯ ಅಂಚಿನುದ್ದಕ್ಕೂ ರುಚಿ ತಿಳಿಯುವುದರಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಕಂಡಿದ್ದ. 1942ರಲ್ಲಿ ಬೋರಿಂಗ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞ ತನ್ನ ಪುಸ್ತಕದಲ್ಲಿ ಅದನ್ನು ಗ್ರಾಫ್ ಮಾಡಿದಾಗ ಆ ಚೂರು ವ್ಯತ್ಯಾಸ ದೊಡ್ಡದಾಗಿ ಕಂಡಿತು. ನೋಡಿದವರು ಒಂದೊಂದು ರುಚಿಗೂ ಒಂದೊಂದು ಸೈಟು ಹಂಚಿಬಿಟ್ಟರು. ನಿಜದಲ್ಲಿ ರುಚಿಮೊಗ್ಗು ಇರುವ ಕಡೆಯೆಲ್ಲ ಎಲ್ಲ ರುಚಿಯೂ ಗೊತ್ತಾಗುತ್ತದೆ. ಮುಖ ಎಲ್ಲಿಟ್ಟುಕೊಳ್ಳಲಿ ಹೇಳು. ಆ ನಾಲ್ಕು ವರ್ಷ ನನ್ನ ಹತ್ತಿರ ಕಲಿತ ನರ್ಸಿಂಗ್ ಹುಡುಗಿಯರು ಆಸ್ಪತ್ರೆಗಳಲ್ಲಿ ಆ ನಕ್ಷೆ ಹೊತ್ತುಕೊಂಡು ಓಡಾಡುತ್ತಿದ್ದಾರೆ.

ಹ್ಯಾಪ್ಸ್ ಶುರುವಾದದ್ದು 1989ರಲ್ಲಿ. ಅಮೆರಿಕನ್ ಫಿಸಿಯಲಾಜಿಕಲ್ ಸೊಸೈಟಿ ಅದಕ್ಕೂ ನೂರು ವರ್ಷ ಹಿಂದಿನದು, 1887ರದ್ದು, ಆದರೆ ಅಲ್ಲಿ ಸಂಶೋಧಕರದ್ದೇ ಮೇಲುಗೈ. ಇಲ್ಲಿ ಹೆಚ್ಚಿನವರು ನಮ್ಮ ಥರ ಪಾಠವನ್ನೇ ನೆಚ್ಚಿದವರು, ಅನಾಟಮಿ, ಫಿಸಿಯಾಲಜಿ ಎರಡನ್ನೂ ಒಂದೇ ಕೋರ್ಸಿನಲ್ಲಿ ಹಿಡಿದಿಡುವವರು. ವಿದ್ಯಾರ್ಥಿಗಳು ಯಾವ ಪಾಠದಿಂದ ಏನು ಕಲಿತಿರಬೇಕು ಅಂತ ಅವರೇ ಕೂತು ಬರೆದ ಪಟ್ಟಿಯಿದೆ. ಸಿಲಬಸ್ ಬರೆಯುವ ರಾತ್ರಿ ಅದು ನಿನ್ನ ನಿದ್ದೆ ಉಳಿಸುತ್ತದೆ.

ನನ್ನ ಪಾಠವನ್ನೇ ಬದಲಿಸಿದ ಒಂದು ವಿಷಯ ಹೇಳಬೇಕು. 2011ರಲ್ಲಿ ಜೋಯಲ್ ಮೈಕೆಲ್ ಮತ್ತು ಜೆನ್ನಿ ಮೆಕ್‌ಫಾರ್ಲ್ಯಾಂಡ್ ಫಿಸಿಯಾಲಜಿ ಮೇಷ್ಟ್ರುಗಳನ್ನೇ ಕೇಳಿ ಈ ವಿಷಯದ ಮೂಲ ತತ್ವಗಳು ಯಾವುವು ಅಂತ ಪ್ರಕಟಿಸಿದರು. ಮೆಕ್‌ಫಾರ್ಲ್ಯಾಂಡ್ ಪಾಠ ಮಾಡುತ್ತಿದ್ದುದೂ ಕಮ್ಯುನಿಟಿ ಕಾಲೇಜಿನಲ್ಲೇ. ಆ ತತ್ವಗಳಲ್ಲೊಂದು, ತಾನಾಗಿ ಹರಿಯುವುದೆಲ್ಲ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಿಯುತ್ತದೆ ಅನ್ನುವುದು. ಅಪ್ಪನ ಅಡಿಕೆ ತೋಟದ ಕಾಲುವೆ ನೆನಪಾಯಿತು. ರಕ್ತ, ಶ್ವಾಸಕೋಶಕ್ಕೆ ನುಗ್ಗುವ ಗಾಳಿ, ಶ್ವಾಸಕೋಶದಿಂದ ರಕ್ತಕ್ಕೆ ದಾಟುವ ಆಮ್ಲಜನಕ, ನರಕೋಶಕ್ಕೆ ನುಗ್ಗುವ ಸೋಡಿಯಂ, ಎಲ್ಲಕ್ಕೂ ಅದೇ ಲೆಕ್ಕ. ಒಂದು ಕಡೆ ಒತ್ತಡದ ಇಳಿಜಾರು, ಇನ್ನೊಂದು ಕಡೆ ಸಾಂದ್ರತೆಯದು. ಮೊದಲು ನಾಲ್ಕು ಅಧ್ಯಾಯದಲ್ಲಿ ನಾಲ್ಕು ಸಲ ಉರು ಹೊಡೆಸುತ್ತಿದ್ದೆ. ಈಗ ಮೊದಲ ವಾರವೇ ಕಾಲುವೆ ಬರೆದುಬಿಡುತ್ತೇನೆ. ಕಿಡ್ನಿ ಪಾಠದ ಹೊತ್ತಿಗೆ ಹುಡುಗರೇ ಕೇಳುತ್ತಾರೆ, ಇಲ್ಲಿ ಇಳಿಜಾರು ಯಾವ ಕಡೆಗೆ ಸಾರ್ ಅಂತ.

ಅಡ್ಜಂಕ್ಟ್‌ಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆಯಾ ಅಂತ ಸೇರುವ ಮುಂಚೆ ವಿಚಾರಿಸಿಕೋ. ಕಾಲೇಜಿನವರು ಸಮ್ಮೇಳನದ ಖರ್ಚು ಕೊಡುತ್ತಾರೋ ಅಂತಲೂ ಒಮ್ಮೆ ಕೇಳು. ನನಗೆ ಮೂರನೇ ಸಲ ಕೇಳಿದಾಗ ಅರ್ಧ ಕೊಟ್ಟರು.

ಸಮ್ಮೇಳನ ಮೇ ಕೊನೆಗೆ, ಸೆಮಿಸ್ಟರ್ ಮುಗಿದ ಮೇಲೆ. ಮೊದಲು ಭಾಷಣ, ಆಮೇಲೆ ಲ್ಯಾಬುಗಳಲ್ಲಿ ಕಾರ್ಯಾಗಾರ. ಹೋಟೆಲ್ ದುಬಾರಿ, ರೂಮು ಹಂಚಿಕೊಳ್ಳೋಣ. ನಿನ್ನ ಗೊರಕೆ ಹಾಸ್ಟೆಲ್ಲಿನ ಹಾಗೇ ಇದ್ದರೆ ಈಗಲೇ ಹೇಳು, ಎರಡು ರೂಮು ಬುಕ್ ಮಾಡುತ್ತೇನೆ.

ಇಂತಿ ನಿನ್ನ,
ಹಳೆಯ ರೂಂಮೇಟು